ಶುಗರ್ ಕಣ್ಣಿಗೆ ಲೇಸರ್: ಬಳ್ಳಾರಿ, ರಾಯಚೂರು, ಕೊಪ್ಪಳದವರು ಮಾಡಿಸುವ ಮುಂಚೆ ಓದಿ

‘ದುಡ್ಡೂ ಹೋಯ್ತು, ಕಣ್ಣೂ ಕಾಣಲಿಲ್ಲ.’ ಲೇಸರ್ ಮಾಡಿಸಿಕೊಂಡವರ ಬಾಯಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವ ದೂರು ಇದು. ಮುಂಚೆಯೇ ಯಾರಾದರೂ ತಿಳಿಸಿ ಹೇಳಿದ್ದರೆ ಈ ಮಾತು ಬರುತ್ತಿರಲಿಲ್ಲ. ಕಣ್ಣಿನ ಒಳಪರದೆಯ (ರೆಟಿನಾ) ಅಂಚಿಗೆಲ್ಲ ಹೊಡೆಯುವ ಪಿಆರ್‌ಪಿ ಲೇಸರ್ ಉಳಿದಿರುವ ದೃಷ್ಟಿಯನ್ನು ಕಾಯುತ್ತದೆ. ಹೋದದ್ದನ್ನು ತಂದುಕೊಡುವ ಶಕ್ತಿ ಅದಕ್ಕಿಲ್ಲ. ಕಾಯುವ ಕೆಲಸದಲ್ಲಿ ಮಾತ್ರ ಅದು ಗಟ್ಟಿ. ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲೇ ತೋರಿಸಿತು.

ಶುಗರ್‌ನಿಂದ ಸಣ್ಣ ರಕ್ತನಾಳ ಮುಚ್ಚಿಹೋದಾಗ, ಆಮ್ಲಜನಕ ಸಾಲದ ಪರದೆ ಹೊಸ ನಾಳ ಬೆಳೆಸುವ ರಾಸಾಯನಿಕ ಬಿಡುತ್ತದೆ. ಹಾಗೆ ಹುಟ್ಟಿದ ನಾಳ ಬಲು ಬಡಕಲು, ಒಡೆದರೆ ಕಣ್ಣೊಳಗೆ ರಕ್ತ. ಅಂಚಿನ ಭಾಗವನ್ನು ಚುಕ್ಕೆಚುಕ್ಕೆಯಾಗಿ ಸುಟ್ಟರೆ ಆ ರಾಸಾಯನಿಕ ತಗ್ಗಿ ನಾಳ ಬಾಡುತ್ತದೆ.

ಹಳೆಯ ಮಾದರಿಯ ಹಸಿರು ಲೇಸರ್‌ನಲ್ಲಿ ಒಂದು ಕಣ್ಣಿಗೆ ಸುಮಾರು 1,200ರಿಂದ 1,600 ಚುಕ್ಕೆ, ಒಂದೊಂದೂ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ಅಗಲ, 0.1 ಸೆಕೆಂಡು. ಎಲ್ಲವನ್ನೂ ಒಂದೇ ದಿನ ಹೊಡೆದರೆ ಪರದೆಯ ನಡುಭಾಗ ಊದಿಕೊಳ್ಳಬಹುದು. ಅದಕ್ಕೇ ಸಾಮಾನ್ಯವಾಗಿ ವಾರ, ಎರಡು ವಾರ ಬಿಟ್ಟು ಎರಡು ಮೂರು ಸಲ ಕರೆಯುತ್ತಾರೆ. ಹೊಸ ಪ್ಯಾಟರ್ನ್ ಲೇಸರ್ ಒಮ್ಮೆಗೇ ಸಾಲುಸಾಲು ಚುಕ್ಕೆ ಬಿಡುತ್ತದೆ, ಒಂದೊಂದಕ್ಕೂ 0.02 ಸೆಕೆಂಡು, ನೋವೂ ಕಡಿಮೆ. ಆದರೆ ಅದರ ಸುಟ್ಟ ಗುರುತು ಚಿಕ್ಕದು. ಹಳೆಯ ಲೆಕ್ಕದಲ್ಲೇ 1,200ಕ್ಕೆ ನಿಲ್ಲಿಸಿದರೆ ಚಿಕಿತ್ಸೆ ಅರೆಬರೆಯಾಗುತ್ತದೆ. ‘ಯಾವ ಮೆಷೀನು, ಎಷ್ಟು ಚುಕ್ಕೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಪರೇಷನ್ ಅಂದುಕೊಂಡು ಉಪವಾಸ ಬರುವವರು ಬಹಳ. ಅದು ತಪ್ಪು. ತಿಂಡಿ ತಿಂದು, ಮಾತ್ರೆ, ಇನ್ಸುಲಿನ್ ಎಂದಿನಂತೆ ತೆಗೆದುಕೊಂಡೇ ಬನ್ನಿ. ಸಾಲಿನಲ್ಲಿ ಕಾಯುವಾಗ ಶುಗರ್ ಕುಸಿದರೆ ಆ ದಿನದ ಲೇಸರೇ ತಪ್ಪುತ್ತದೆ. ಪಾಪೆ ಅಗಲಿಸುವ ಡ್ರಾಪ್ಸ್‌ನಲ್ಲಿ ಫಿನೈಲೆಫ್ರಿನ್ ಇದ್ದರೆ ಬಿಪಿ ಏರಬಹುದು, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಆಮೇಲೆ ಮರಗಟ್ಟಿಸುವ ಡ್ರಾಪ್ಸ್. ಮೆಷೀನಿನ ಮುಂದೆ ಗದ್ದ ಊರಿ, ಹಣೆ ಪಟ್ಟಿಗೆ ಒತ್ತಿ ಕೂರಬೇಕು. ಜೆಲ್ ಹಚ್ಚಿದ ದಪ್ಪ ಲೆನ್ಸು ಕಣ್ಣಿಗೇ ಬಂದು ಕೂರುತ್ತದೆ. ಇನ್ನೊಂದು ಕಣ್ಣು ಹೇಳಿದ ಕಡೆಯೇ ನೆಟ್ಟಿರಲಿ. ಹಣೆ ಒಂದಿಷ್ಟು ಹಿಂದೆ ಸರಿದರೂ ಗುರಿ ತಪ್ಪುತ್ತದೆ. ಗಡಿಯಾರದ 3 ಮತ್ತು 9ರ ಕಡೆ ನರ ಹಾಯುವುದರಿಂದ ಅಲ್ಲಿ ಚುಚ್ಚಿದ ನೋವು ಜೋರು. ತಡೆಯಲಾಗದಿದ್ದರೆ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡುವ ದಾರಿ ಇದೆ. ನೋವು ನುಂಗಿಕೊಂಡು ಅಲ್ಲಾಡುವುದಕ್ಕಿಂತ ಬಾಯಿಬಿಟ್ಟು ಹೇಳುವುದು ಲೇಸು.

ಮುಗಿದ ಮೇಲೆ ಕೆಲವು ಗಂಟೆ ಮಂಜು ಮಂಜು. ರಾಯಚೂರಿನ ಬಿಸಿಲಿಗೆ ಅಗಲಿಸಿದ ಪಾಪೆ ಹೊತ್ತು ಹೊರಬೀಳುವುದು ಸಣ್ಣ ಹಿಂಸೆಯಲ್ಲ: ಕಪ್ಪು ಕನ್ನಡಕ, ಜೊತೆಗೊಬ್ಬರು ಬೇಕೇಬೇಕು, ಗಾಡಿ ಓಡಿಸಬೇಡಿ. ಪೊರೆ ಆಪರೇಷನ್ನಿನ ಪಥ್ಯ ಇದಕ್ಕಿಲ್ಲ. ತಲೆಗೆ ಸ್ನಾನ ಮಾಡಬಹುದು. ರಾತ್ರಿ ನೋಟ, ಬದಿಯ ನೋಟ ಸ್ವಲ್ಪ ಕುಗ್ಗಬಹುದು, ಅದು ಈ ಚಿಕಿತ್ಸೆಯ ಬೆಲೆ.

ಪರದೆಯ ನಡುಭಾಗದಲ್ಲಿ ಈಗಾಗಲೇ ನೀರು ತುಂಬಿ ಊದಿದ್ದರೆ ಅಂಚಿನ ಲೇಸರ್ ಅದನ್ನು ಹೆಚ್ಚಿಸೀತು. ಲೇಸರ್‌ಗೆ ಮುಂಚೆ ಪರದೆಯ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡಿಸಿ, ಕಣ್ಣಿಗೆ ಇಂಜೆಕ್ಷನ್ ಬೇಕೇ ಎಂದು ತೀರ್ಮಾನಿಸುವ ವೈದ್ಯರನ್ನೇ ನಂಬಿ. ಪೊರೆ ದಪ್ಪವಾಗಿದ್ದರೆ, ಒಳಗೆ ರಕ್ತ ತುಂಬಿದ್ದರೆ ಕಿರಣ ಪರದೆಗೆ ಮುಟ್ಟುವುದೇ ಇಲ್ಲ.

ನಮ್ಮ ಕಡೆ ಕೈಕೊಡುವುದು ಎರಡನೆಯ ಸರದಿ. ಸಿರುಗುಪ್ಪ, ಸಿಂಧನೂರು, ಕುಷ್ಟಗಿಯಿಂದ ಬಸ್ ಹಿಡಿದು ಬಂದವರು ‘ಕಾಣೋದು ಹೆಚ್ಚಾಗಲಿಲ್ಲ’ ಅಂತ ಅಲ್ಲಿಗೇ ಬಿಡುತ್ತಾರೆ. ಆಸ್ಪತ್ರೆಗಳೂ ಹಿಂದೆಬಿದ್ದು ಕರೆಯುವುದು ಕಡಿಮೆ. ಹೊರಡುವ ಮುಂಚೆ ಫೋನ್ ಮಾಡಿ ರೆಟಿನಾ ಡಾಕ್ಟರು ಯಾವ ವಾರ ಬರುತ್ತಾರೆ, ಮೆಷೀನು ನಡೆಯುತ್ತಿದೆಯೇ ಕೇಳಿಕೊಳ್ಳಿ. ಬಿಪಿಎಲ್ ಕಾರ್ಡು, ಆಧಾರ್ ಹಿಡಿದು, ಸರ್ಕಾರಿ ಚಿಕಿತ್ಸಾ ಯೋಜನೆಯ ನೆರವಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲು ಕಾಣಿ, ದುಡ್ಡು ಕಟ್ಟಿದ ಮೇಲಲ್ಲ. ಪ್ರತಿ ಸಲವೂ ಯಾವ ಕಣ್ಣು, ಎಷ್ಟು ಚುಕ್ಕೆ, ಎಷ್ಟು ಪವರ್, ಎಷ್ಟು ಹೊತ್ತು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹುಬ್ಬಳ್ಳಿಗೋ ಹೈದರಾಬಾದಿಗೋ ಹೋದರೆ ಅಲ್ಲಿನವರು ಮೊದಲು ಕೇಳುವುದು ಅದನ್ನೇ. ಎರಡು ಸರದಿಯ ನಡುವೆ ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಅಥವಾ ಕಣ್ಣಿಗೆ ಪರದೆ ಎಳೆದಂತಾದರೆ ಕೊಟ್ಟ ತಾರೀಖಿಗೆ ಕಾಯದೆ ಅವತ್ತೇ ಹೋಗಿ.