60 ಫೋಟೋ, ಎರಡು ಸಲ ಪ್ರಿಂಟು, ಒಬ್ಬಳು ಅಮ್ಮ

ಮೊಣಕಾಲು ಕೈಕೊಟ್ಟ ಮೇಲೆ ಅಮ್ಮ ಮನೆ ಮೆಟ್ಟಿಲು ಇಳಿದೇ ಎರಡು ವರ್ಷ ಆಯ್ತು. ಮೊದಲು ಶುಕ್ರವಾರ ಬಂದರೆ ದೇವರಾಜ ಮಾರ್ಕೆಟ್‌ಗೆ ಹೋಗಿ ತಾನೇ ಹೂ ಆರಿಸಿ ತರಬೇಕಿತ್ತು. ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕಿತ್ತು. ಈಗ ನಾನು ಭಾನುವಾರ ಮೈಸೂರು ಸುತ್ತಿ ಬಂದು ಫೋನಿನಲ್ಲಿ ಫೋಟೋ ತೋರಿಸುತ್ತೇನೆ. ಅವಳ ಬೆರಳು ತಾಗಿ ಫೋಟೋ ಎಲ್ಲೋ ಹಾರಿ ಹೋಗುತ್ತದೆ. ಒಂದು ಸಲ ನಮ್ಮ ಆಫೀಸಿನ ಮ್ಯಾನೇಜರ್‌ಗೆ ಫೋನೇ ಹೋಗಿಬಿಟ್ಟಿತ್ತು, ಅದೂ ರಾತ್ರಿ ಒಂಬತ್ತೂವರೆಗೆ. "ಪ್ರಿಂಟ್ ಹಾಕಿಸಿ ಕೊಡೇ ಮಾರಾಯ್ತಿ, ಇದರ ಸಹವಾಸ ಬೇಡ" ಅಂದಳು.

ಹಾಗೆ ಹೋಗಿದ್ದು ಮನೆ ಹತ್ತಿರದ ಸ್ಟುಡಿಯೋಗೆ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ ಮಾಡುವ ಹಳೇ ಅಂಗಡಿ. ಹೆಸರು ಬರೆಯಲ್ಲ. ಯಾಕಂದ್ರೆ ಬೈಯೋದೂ ಇದೆ, ಹೊಗಳೋದೂ ಇದೆ, ತಪ್ಪಲ್ಲಿ ಅರ್ಧ ನನ್ನದೇ ಇದೆ. ಬೇರೆ ಯಾವ ಅಂಗಡಿಗೆ ಹೋದರೂ ಇದೇ ಕಥೆ ಆಗಬಹುದು, ಅದಕ್ಕೇ ಬರೆಯುತ್ತಿದ್ದೇನೆ.

60 ಫೋಟೋ ಕೊಟ್ಟೆ. 4x6 ಇಂಚಿನ ಸೈಜು, ಒಂದಕ್ಕೆ 12 ರೂಪಾಯಿ. ಕೌಂಟರ್‌ನಲ್ಲಿದ್ದ ಹುಡುಗ "ಗ್ಲಾಸಿನಾ ಮ್ಯಾಟಾ ಮೇಡಂ?" ಅಂದ. ಗ್ಲಾಸಿ ಅಂದರೆ ಹೊಳೆಯೋ ಪೇಪರ್, ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಗ್ಲಾಸಿ ಅಂದೆ, ಸುಮ್ನೆ. ಸಂಜೆ ಬನ್ನಿ ಅಂದವನು ಸಂಜೆಗೇ ಕೊಟ್ಟ. ಅಷ್ಟರ ಮಟ್ಟಿಗೆ ಪೂರ್ತಿ ಮಾರ್ಕು.

ಮನೆಗೆ ಬಂದು ಕವರ್ ಬಿಚ್ಚಿದರೆ, ಅಮ್ಮ ಮೊದಲು ಕೈಗೆತ್ತಿಕೊಂಡಿದ್ದು ಸೇಂಟ್ ಫಿಲೋಮಿನಾ ಚರ್ಚಿನ ಫೋಟೋ. "ಏನೇ ಇದು, ಶಿಲುಬೇನೇ ಇಲ್ಲ?" ನಿಜ. 175 ಅಡಿ ಎತ್ತರದ ಎರಡು ಗೋಪುರಕ್ಕೂ ತುದಿ ಇರಲಿಲ್ಲ. ಚಾಮುಂಡಿ ಬೆಟ್ಟದ ನಂದಿ ಮುಂದೆ ನಿಂತ ಅತ್ತಿಗೆಗೆ ಒಂದು ಭುಜ ಇರಲಿಲ್ಲ. ಫೋನಿನಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ.

ಮಾರನೇ ದಿನ ಜಗಳ ಆಡೋಕೇ ಹೋದೆ. ಹುಡುಗ ಒಂದು ಖಾಲಿ ಪೇಪರ್ ತೆಗೆದು ನನ್ನ ಫೋನಿನ ಪಕ್ಕ ಇಟ್ಟು ತೋರಿಸಿದ. ಮಾಮೂಲಿಯಾಗಿ ಫೋನಿನ ಫೋಟೋ 4ಕ್ಕೆ 3ರ ಅಳತೆ. 4x6 ಪೇಪರ್ ಅಂದರೆ 3ಕ್ಕೆ 2ರ ಅಳತೆ, ಅಂದರೆ ಇನ್ನೂ ಉದ್ದ. ಪೇಪರ್ ಪೂರ್ತಿ ತುಂಬಬೇಕು ಅಂದರೆ ಫೋಟೋ ಎರಡು ಕಡೆ ಕತ್ತರಿಸಲೇಬೇಕು. ಅಡ್ಡ ತೆಗೆದಿದ್ದರೆ ಮೇಲೆ ಕೆಳಗೆ ಹೋಗುತ್ತೆ, ಉದ್ದ ತೆಗೆದಿದ್ದರೆ ಎಡ ಬಲ ಹೋಗುತ್ತೆ. ಲೆಕ್ಕ ಹಾಕಿದರೆ ನೂರಕ್ಕೆ ಹನ್ನೊಂದು ಪಾಲು. ಚರ್ಚಿನ ಶಿಲುಬೆ, ಅತ್ತಿಗೆ ಭುಜ ಎಲ್ಲ ಆ ಹನ್ನೊಂದರಲ್ಲಿ ಹೋಗಿತ್ತು. "ಮೊದಲೇ ಹೇಳೋಕೇನಪ್ಪ ಕಷ್ಟ?" ಅಂದೆ. "ಯಾರೂ ಕೇಳಲ್ಲ ಮೇಡಂ" ಅಂದ. ಈ ಉತ್ತರ ನನಗೆ ಈಗಲೂ ಇಷ್ಟ ಆಗಿಲ್ಲ. ಕೇಳೋಕೆ ನಮಗೆ ಗೊತ್ತಿದ್ದರೆ ತಾನೇ?

ಪರಿಹಾರ ಸುಲಭ. ಫೋಟೋ ಪೂರ್ತಿ ಬರಲಿ, ಎರಡು ತುದಿಯಲ್ಲಿ ಬಿಳಿ ಜಾಗ ಬಿಡಿ ಅಂತ ಹೇಳಬೇಕು. ಬಿಳಿ ಅಂಚು ಬಂದರೆ ಚೆನ್ನಾಗಿರಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಅದೇ ಚೆಂದ, ಹಳೇ ಕಾಲದ ಫೋಟೋ ಹಾಗೆ ಕಾಣುತ್ತೆ.

ಇನ್ನೊಂದು ತಕರಾರು ಅರಮನೆಯದು. ಭಾನುವಾರ ಸಂಜೆ ಏಳಕ್ಕೆ ದೀಪ ಹೊತ್ತಿದ ಕೂಡಲೇ ತೆಗೆದಿದ್ದು. ಲಕ್ಷದ ಹತ್ತಿರ ಬಲ್ಬು, ಹಿಂದೆ ಕಪ್ಪು ಆಕಾಶ, ಮುಂದೆ ಎಲ್ಲರ ತಲೆ, ಎಲ್ಲರ ಕೈಯಲ್ಲೂ ಫೋನು. ಪ್ರಿಂಟಿನಲ್ಲಿ ಆಕಾಶ ಬೂದಿ ಬಣ್ಣ ಆಗಿತ್ತು. ದೀಪಗಳೆಲ್ಲ ಕಲಸಿ ಒಂದೇ ಹಳದಿ ಮುದ್ದೆ. "ಆಟೋ ಕರೆಕ್ಷನ್ ಮೇಡಂ. ಡಾರ್ಕ್ ಇದ್ರೆ ಮಿಷನ್ನೇ ಬ್ರೈಟ್ ಮಾಡುತ್ತೆ" ಅಂದ. ರಾತ್ರಿ ಅನ್ನೋದು ಅದರ ಕಣ್ಣಿಗೆ ತಪ್ಪು! ಅದನ್ನು ಆಫ್ ಮಾಡಿ ಹಾಕಿದ ಮೇಲೆ ಆಕಾಶ ಕಪ್ಪಾಯ್ತು, ಕಮಾನುಗಳು ಒಂದೊಂದಾಗಿ ಬಿಡಿಸಿಕೊಂಡವು.

ದಸರಾ ಮೆರವಣಿಗೆಯ ಅಂಬಾರಿ ಫೋಟೋ ಮಾತ್ರ ಎರಡನೇ ಸಲವೂ ಮಸುಕೇ. ಅದು ಅಂಗಡಿಯ ತಪ್ಪಲ್ಲ. ಚಿಕ್ಕಪ್ಪನ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು. ಅದರಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗಿ ಹೋಗುತ್ತೆ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಇದ್ದ ಹಾಗೇ ಬರುತ್ತೆ. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ ಹಕ್ಕಿ ಫೋಟೋ ಕೆಟ್ಟಿದ್ದು ಪೂರ್ತಿ ನನ್ನ ತಪ್ಪು. ನಡುಗಡ್ಡೆ ಮರದ ಮೇಲೆ ಕೂತಿದ್ದನ್ನು ಫೋನಿನಲ್ಲಿ ಜೂಮ್ ಎಳೆದೂ ಎಳೆದೂ ತೆಗೆದಿದ್ದೆ. ಪ್ರಿಂಟಿನಲ್ಲಿ ಅದು ಒಣಗೋಕೆ ಹಾಕಿದ ಪಂಚೆ ಥರ ಕಾಣುತ್ತೆ.

ಎರಡನೇ ಸಲ ಮ್ಯಾಟ್ ಪೇಪರ್ ಕೇಳಿದೆ. ಗ್ಲಾಸಿಯಲ್ಲಿ ಬಣ್ಣ ಸ್ವಲ್ಪ ಜಾಸ್ತಿ ಹೊಳೆಯುತ್ತೆ, ನಿಜ. ಆದರೆ ನಮ್ಮ ಮನೆ ಟ್ಯೂಬ್‌ಲೈಟ್ ಕೆಳಗೆ ಅಮ್ಮ ಅದನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಬೇಕಿತ್ತು. ಜೊತೆಗೆ ಎಣ್ಣೆ ಕೈ ಗುರುತು. ಮ್ಯಾಟ್‌ನಲ್ಲಿ ಈ ಗಲಾಟೆ ಕಮ್ಮಿ. ದಿನಾ ಕೈಯಲ್ಲಿ ಹಿಡಿದು ನೋಡೋ ಫೋಟೋಗೆ ಮ್ಯಾಟೇ ಸರಿ.

ಹುಡುಗ ಕೊನೆಗೆ ಅರ್ಧ ದುಡ್ಡಿಗೆ ಎಲ್ಲ ಮತ್ತೆ ಹಾಕಿಕೊಟ್ಟ. ನಾನು ಪುಕ್ಕಟೆ ಕೇಳಿದ್ದೆ, ಅವನು ಪೂರ್ತಿ ಕೇಳಿದ್ದ. ಒಟ್ಟು 1,080 ರೂಪಾಯಿ ಆಯ್ತು.

ದುಡ್ಡು ದಂಡ ಆಗಲಿಲ್ಲ ಅನ್ನಿಸಿದ್ದು ಮಾರ್ಕೆಟ್ ಫೋಟೋ ನೋಡುವಾಗ. ಹೂ ಮಾರುವವನ ಕೈ ಮಾತ್ರ ಇರುವ ಫೋಟೋ ಅದು. ಬೆರಳ ತುದಿಯಿಂದ ಮೊಣಕೈವರೆಗೆ ಹಾರ ಹಿಡಿದು ಮೊಳ ಅಳೆಯುತ್ತಿದ್ದಾನೆ. ಪಕ್ಕದಲ್ಲಿ ಒದ್ದೆ ಬಾಳೆ ಎಲೆ, ಅದರ ಮೇಲೆ ಮೊಗ್ಗಿನ ಗುಡ್ಡೆ. ಫೋನಿನಲ್ಲಿ ಹತ್ತು ಸಲ ತೋರಿಸಿದ್ದೆ, "ಹ್ಞೂಂ, ಮಲ್ಲಿಗೆ" ಅಂದಿದ್ದಳು. ಪ್ರಿಂಟ್ ಕೈಗೆ ಬಂದಾಗ ಕನ್ನಡಕ ಹಾಕಿಕೊಂಡು ಐದು ನಿಮಿಷ ನೋಡಿದಳು. "ಇದು ಮಲ್ಲಿಗೆ ಅಲ್ಲ ಕಣೇ, ಕಾಕಡ. ಎಷ್ಟು ಕೊಟ್ಟೆ?" ಹೇಳಿದೆ. "ಮೋಸ ಹೋಗಿದ್ದೀಯ. ಮೊಳಾನೂ ಗಿಡ್ಡ ನೋಡು, ಕೈ ಮಡಿಸಿದ್ದಾನೆ." ನೋಡಿದೆ. ಮಡಿಸಿದ್ದ!

ಆಷಾಢದ ಮೆಟ್ಟಿಲಿನ ಫೋಟೋ ಇನ್ನೊಂದು. ಹತ್ತುವವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೋಗಿರುತ್ತಾರಲ್ಲ, ಅದು. ಕಲ್ಲಿನ ಅಂಚಲ್ಲಿ ಮೂರು ಬೆರಳಿನ ಗುರುತು ಎದ್ದು ಕಾಣುತ್ತೆ. ಅದನ್ನು ಅಮ್ಮ ಆಲ್ಬಂಗೆ ಹಾಕೋಕೆ ಬಿಡಲಿಲ್ಲ. ದೇವರ ಮನೆಯಲ್ಲಿಟ್ಟಿದ್ದಾಳೆ.

ಫೋಟೋ ಹಿಂಬದಿಯಲ್ಲಿ ತಾರೀಕು ಬರೆಯುವವರಿಗೆ ಒಂದು ಮಾತು. ಜೆಲ್ ಪೆನ್ ಬೇಡ. ಈ ಪೇಪರ್ ಶಾಯಿ ಹೀರಲ್ಲ, ಕೆಳಗಿನ ಫೋಟೋ ಮೇಲೆ ಅಚ್ಚು ಬೀಳುತ್ತೆ. ನನ್ನ ಚಿಕ್ಕ ಗಡಿಯಾರ ಗೋಪುರದ ಫೋಟೋ ಮೇಲೆ ಈಗ ಉಲ್ಟಾ ಅಕ್ಷರದಲ್ಲಿ "ಕಾರಂಜಿ ಕೆರೆ" ಅಂತ ಇದೆ. ಸಿಡಿ ಮೇಲೆ ಬರೆಯುತ್ತಿದ್ದ ಮಾರ್ಕರ್ ಪೆನ್ ತಗೊಳ್ಳಿ, ಒಣಗೋವರೆಗೆ ಒಂದರ ಮೇಲೊಂದು ಇಡಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೆಲಸ ಗೊತ್ತು, ಹೇಳಿದ್ದು ಕೇಳುತ್ತಾರೆ, ಆದರೆ ಬಾಯಿಬಿಟ್ಟು ಕೇಳಬೇಕು. ಶನಿವಾರ ಸಂಜೆ ಮಾತ್ರ ಹೋಗಬೇಡಿ, ಮದುವೆ ಆಲ್ಬಂ ನೋಡೋಕೆ ಇಡೀ ಮನೆತನ ಬಂದು ಕೌಂಟರ್ ಹಿಡಿದಿರುತ್ತೆ. ಮುಂದಿನ ಸಲಕ್ಕೆ ಅಮ್ಮನ ಪಟ್ಟಿ ಆಗಲೇ ತಯಾರಾಗಿದೆ: ದೊಡ್ಡ ಗಡಿಯಾರ, ರೈಲ್ವೆ ಸ್ಟೇಷನ್, ವೀಳ್ಯದೆಲೆ ಅಂಗಡಿ ಸಾಲು. ನಜರ್‌ಬಾದಿನ ಮೈಲಾರಿ ದೋಸೆದೂ ಒಂದು ತೆಗೀಲಾ ಅಂದೆ. "ಫೋಟೋ ಯಾಕೆ, ಎರಡು ಕಟ್ಟಿಸ್ಕೊಂಡು ಬಾ" ಅಂದಳು.