ಉಪ್ಪಿನಲ್ಲಿ ಯಾವುದು ವಾಸಿ? ನಮ್ಮ ಮನೆಯ ಓಟು ಅಯೋಡಿನ್ ಹರಳುಪ್ಪಿಗೆ

ಸುತ್ತಿ ಬಳಸಿ ಹೇಳುವುದಿಲ್ಲ. ಪ್ಯಾಕೆಟ್‌ನಲ್ಲಿ ಬರುವ ಅಯೋಡಿನ್ ಹಾಕಿದ ಹರಳುಪ್ಪೇ ನನಗೆ ಇಷ್ಟ. ಪುಡಿ ಉಪ್ಪು, ಗುಲಾಬಿ ಬಣ್ಣದ ಸೈಂಧವ, ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಬಿಡಿ ಉಪ್ಪು, ಎಲ್ಲವೂ ನಮ್ಮ ಅಡುಗೆಮನೆಗೆ ಬಂದು ಹೋಗಿವೆ. ಕೆಲವು ಇನ್ನೂ ಇವೆ. ಆದರೆ ದಿನದ ಸಾರು, ಹುಳಿ, ಪಲ್ಯಕ್ಕೆ ಕೈ ಹೋಗುವುದು ಹರಳುಪ್ಪಿನ ಡಬ್ಬಕ್ಕೇ.

ಸೈಂಧವ ತಂದದ್ದು ವಾಟ್ಸ್ಆ್ಯಪ್ ಕೃಪೆ. ಕಿಲೋಗೆ ನೂರರ ಹತ್ತಿರ ಕೊಟ್ಟೆ. ಸಾರಿಗೆ ಹಾಕಿದಾಗ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಮೊಸರನ್ನಕ್ಕೆ ಹಾಕಿದ ದಿನ ಗೊತ್ತಾಯಿತು, ಹಲ್ಲಿಗೆ ಕರಕರ ಅಂತ ಮರಳು. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕದಡಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಮಣ್ಣಿನ ತೆಳು ಪದರ ಕೂತಿತ್ತು. ಗಣಿಯಿಂದ ಅಗೆದ ಉಪ್ಪು ಅಲ್ವಾ, ಮಣ್ಣು ಇದ್ದೇ ಇರುತ್ತದೆ. ಆ ಬಣ್ಣವೂ ಕಬ್ಬಿಣದ ಅಂಶದ್ದು, ಅದು ಇರುವುದು ಅತ್ಯಲ್ಪ. ಹಿಮಾಲಯದ ಉಪ್ಪು ಅಂತ ಹೆಸರು ಹಾಕಿ ಮಾರಿದರೂ ಈ ಉಪ್ಪಿನ ಹೆಸರಾಂತ ಗಣಿ ಇರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾದಲ್ಲಿ. ಏಕಾದಶಿಗೆ ಬೇಕೆನ್ನುವವರು ತರಲಿ, ನನ್ನ ತಕರಾರಿಲ್ಲ.

ಪುಡಿ ಉಪ್ಪಿಗೆ ಬೈಯುವಂಥದ್ದು ಏನೂ ಇಲ್ಲ. ಬೆಳ್ಳಗಿದೆ, ಉದುರುದುರಾಗಿದೆ, ಎಲ್ಲ ಕಡೆ ಒಂದೇ ರುಚಿ. ಪ್ಯಾಕೆಟ್ ಮೇಲೆ 536, 551 ಅಂತ ಸಂಖ್ಯೆ ಕಂಡು ಹೆದರುವವರಿದ್ದಾರೆ. ಅವು ಉಪ್ಪು ಗಂಟು ಕಟ್ಟದಿರಲಿ ಅಂತ ಹಾಕುವಂಥವು, ಅದಕ್ಕೂ ಮಿತಿ ಇದೆ. ನನ್ನ ತೊಂದರೆ ಬೇರೆ. ನನ್ನದು ಕೈಯಳತೆ. ಹರಳಿನ ನಡುವೆ ಸಂದು ಇರುವುದರಿಂದ ಅದೇ ಚಮಚದಲ್ಲಿ ಪುಡಿ ಉಪ್ಪೇ ಜಾಸ್ತಿ ತೂಗುತ್ತದೆ. ಅಂದಾಜು ತಪ್ಪಿತೋ, ಹುಳಿಗೆ ನೀರು ಸೇರಿಸುತ್ತಾ ಹೋಗಬೇಕು.

ಈಗ ಹರಳುಪ್ಪಿನ ಅಸಲಿ ಕಿರಿಕಿರಿಗೆ ಬರೋಣ. ಮಳೆಗಾಲ. ನಮ್ಮದು ಶಿರಸಿ ಕಡೆ. ಜೂನ್ ಬಂತೆಂದರೆ ಡಬ್ಬದಲ್ಲಿ ಉಪ್ಪು ನೀರು ಬಿಡಲು ಶುರು. ಮೇಲಿನ ಹರಳು ತೊಯ್ದು ಹೊಳೆಯುತ್ತದೆ, ತಳದಲ್ಲಿ ಕಹಿ ನೀರು ನಿಲ್ಲುತ್ತದೆ. ಸಮುದ್ರದ ಉಪ್ಪಿನಲ್ಲಿ ಉಳಿದಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಸಾಣಿಕಟ್ಟಾದಿಂದ ಬಂದ ಬಿಡಿ ಉಪ್ಪಿನಲ್ಲಂತೂ ಇದು ವಿಪರೀತ. ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಆಗರದಲ್ಲಿ, ಅಂದರೆ ಉಪ್ಪಿನ ಗದ್ದೆಯಲ್ಲಿ, ಬಿಸಿಲಿಗೆ ಒಣಗಿಸಿ ತೆಗೆದದ್ದು, ಅಷ್ಟೇ. ಹಳೇ ಮನೆಗಳಲ್ಲಿ ಉಪ್ಪಿನ ಮರಿಗೆ (ಮರದ ಪಾತ್ರೆ) ಒಲೆಯ ಹತ್ತಿರವೇ ಇರುತ್ತಿತ್ತು. ಹೊಗೆ, ಬಿಸಿ ಎರಡೂ ತಾಗಿ ಒಣಗಿಕೊಂಡಿರುತ್ತಿತ್ತು. ಗ್ಯಾಸ್ ಒಲೆಯ ಪಕ್ಕ ಪ್ಲಾಸ್ಟಿಕ್ ಡಬ್ಬ ಇಟ್ಟರೆ ಆ ಉಪಚಾರ ಎಲ್ಲಿಂದ ಬರಬೇಕು?

ಮೊದಲು ಆ ನೀರನ್ನು ಸುಮ್ನೆ ಚೆಲ್ಲುತ್ತಿದ್ದೆವು. ಅದರ ಜೊತೆಗೆ ಅಯೋಡಿನ್ ಕೂಡ ಹೋಗುತ್ತದೆ. ಕಾರ್ಖಾನೆಯಲ್ಲಿ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ನೀರನ್ನು ಉಪ್ಪಿನ ಮೇಲೆ ಸಿಂಪಡಿಸುತ್ತಾರೆ. ಹಾಗಾಗಿ ಹರಳುಪ್ಪಿನಲ್ಲಿ ಅದು ಇರುವುದೇ ಹರಳಿನ ಮೈಮೇಲೆ. ಹರಳುಪ್ಪು ಕೊಳೆ ಅಂತ ತೊಳೆದು ಒಣಗಿಸುವವರೂ ಇದ್ದಾರೆ. ದುಡ್ಡು ಕೊಟ್ಟು ತಂದ ಅಯೋಡಿನ್ ಬಚ್ಚಲಿಗೆ. ಗಿರಾಕಿಯ ಕೈಗೆ ಬರುವಾಗ ಅಯೋಡಿನ್ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 15 ಪಾಲು) ಇರಬೇಕು ಅಂತ ನಿಯಮ. ಅದನ್ನು ನಾವೇ ಕಳೆದರೆ ಯಾರನ್ನು ಕೇಳೋಣ? ಅಯೋಡಿನ್ ಸಾಲದೆ ಗಳಗಂಡ (ಕುತ್ತಿಗೆಯ ಬಾವು) ಬರುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ದೇಶದಲ್ಲಿ ಅದರ ವಿರುದ್ಧ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ.

ಉಪಾಯ ಒಂದೊಂದಾಗಿ ಮಾಡಿ ನೋಡಿದೆ. ಡಬ್ಬಕ್ಕೆ ಅಕ್ಕಿ ಕಾಳು ಹಾಕಿದರೆ ಪುಡಿ ಉಪ್ಪಿಗೆ ಸರಿ, ಹರಳಿಗೆ ಸಾಲದು, ಮೇಲೆ ಸಾರಿನಲ್ಲಿ ಅಕ್ಕಿ ಸಿಗುತ್ತದೆ. ಬಾಣಲೆಯಲ್ಲಿ ಹುರಿದೆ. ಹರಳಿನೊಳಗೆ ಸಿಕ್ಕಿಕೊಂಡ ನೀರು ಬಿಸಿಯಾಗಿ ಚಟಪಟ ಸಿಡಿದು ಒಲೆಯೆಲ್ಲ ಉಪ್ಪು, ಒರೆಸುವ ಕೆಲಸ ಬೇರೆ. ಕೊನೆಗೆ ಹೊಂದಿದ್ದು ಇದು: ಅರ್ಧ ಕಿಲೋ ಮಾತ್ರ ಪಿಂಗಾಣಿ ಭರಣಿಯಲ್ಲಿ, ಬಾಯಿ ಬಿಗಿ, ಒದ್ದೆ ಕೈ ಹಾಕುವಂತಿಲ್ಲ. ಉಳಿದದ್ದು ಪ್ಯಾಕೆಟ್‌ನಲ್ಲೇ, ಬಾಯಿಗೆ ಕ್ಲಿಪ್. ಆದರೂ ಆಷಾಢದಲ್ಲಿ ಸ್ವಲ್ಪ ಒದ್ದೆಯಾಗುತ್ತದೆ. ಅಷ್ಟನ್ನು ಸಹಿಸಿಕೊಂಡಿದ್ದೇನೆ. ಬಿಡಿ ಉಪ್ಪಿಗಿಂತ ಪ್ಯಾಕೆಟ್ ಹರಳು ಎಷ್ಟೋ ವಾಸಿ, ಮಣ್ಣೂ ಕಡಿಮೆ.

ಕಡಿಮೆ ಸೋಡಿಯಂ ಉಪ್ಪು ಒಮ್ಮೆ ತಂದೆವು. ನಾಲಿಗೆಗೆ ಸಣ್ಣ ಕಹಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ದುಡ್ಡಿನ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಹಾಗೆ ತಿಂದರೆ 4 ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಸೈಂಧವ ತಂದರೂ ಯಾರೂ ದಿವಾಳಿ ಆಗುವುದಿಲ್ಲ. ಆದರೆ 25 ರೂಪಾಯಿಯ ಹರಳುಪ್ಪು ಮಾಡುವ ಕೆಲಸಕ್ಕೆ, ಅದೂ ಮರಳಿನ ಜೊತೆ, 4 ಪಟ್ಟು ಯಾಕೆ ಕೊಡಬೇಕು?

ಪುಡಿ ಉಪ್ಪಿನ ಸಣ್ಣ ಡಬ್ಬ ಊಟದ ಜಾಗದಲ್ಲಿ ಇದೆ, ಮಜ್ಜಿಗೆಗೆ, ಮಾವಿನಕಾಯಿ ಹೋಳಿಗೆ. ದೋಸೆ ಹಿಟ್ಟಿಗೂ ಅದೇ. ಹರಳು ಹಾಕಿದರೆ ಒಂದು ದೋಸೆ ಚಪ್ಪೆ, ಇನ್ನೊಂದು ಉಪ್ಪುಪ್ಪು. ಸಾಣಿಕಟ್ಟಾದ ಉಪ್ಪನ್ನೂ ಪೂರ್ತಿ ಬಿಟ್ಟಿಲ್ಲ. ಉಪ್ಪಿನಕಾಯಿಯ ಎಳೆ ಮಾವು ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಲು ನಮ್ಮಲ್ಲಿ ಮೊದಲಿನಿಂದಲೂ ಅದೇ. ಬೇಸಿಗೆಯಲ್ಲಿ ಬೇಕಾದಷ್ಟೇ ತಂದು, ಒಂದು ಪದರ ಮಿಡಿ, ಒಂದು ಪದರ ಉಪ್ಪು ಅಂತ ಭರಣಿ ತುಂಬಿಬಿಡುತ್ತೇವೆ. ಅಲ್ಲಿ ನೀರು ಬಿಟ್ಟಷ್ಟೂ ಒಳ್ಳೆಯದೇ.