ವಾಟ್ಸಾಪ್ ವಾಯ್ಸ್ ಮೆಸೇಜ್: ಸಂದರ್ಶನದ ಇಂಗ್ಲಿಷ್ ಕಲಿಸಲು ನಾಲ್ಕು ವರ್ಷ ಬಳಸಿದ ಮೇಲೆ

ಅಂತಿಮ ವರ್ಷದ ಬಿಕಾಂ, ಬಿಸಿಎ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಲ್ಯಾಂಗ್ವೇಜ್ ಲ್ಯಾಬ್ ಸಿಕ್ಕಿಲ್ಲ. ನಲವತ್ತು ಜನರ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷ ಕೊಟ್ಟರೆ ಪೀರಿಯಡ್ಡೇ ಮುಗಿಯುತ್ತದೆ. ಮನೆಯಿಂದ 60 ಸೆಕೆಂಡಿನ ಉತ್ತರ ಕಳಿಸಿ ಎಂದರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. 1.5 ಪಟ್ಟು ವೇಗದಲ್ಲಿ ಕೇಳಿದರೆ ನಲವತ್ತೂ ಸುಮಾರು 27 ನಿಮಿಷದಲ್ಲಿ ಆಗುತ್ತವೆ. 2 ಪಟ್ಟಿಗೆ ಏರಿಸಬೇಡಿ: ‘ವರ್ಕ್’, ‘ವರ್ಕ್ಡ್’ ನಡುವಿನ ವ್ಯತ್ಯಾಸ ಕಿವಿಗೆ ದಕ್ಕುವುದಿಲ್ಲ.

ಪ್ರಶ್ನೆ ಗ್ರೂಪಿನಲ್ಲಿ ಹಾಕಿ, ಉತ್ತರ ಮೇಷ್ಟರ ನಂಬರಿಗೇ ಬರಲಿ. ಗ್ರೂಪಿಗೇ ಕಳಿಸಲು ಹೇಳಿದರೆ ಮೊದಲ ಮೂವರು ಹೇಳಿದ್ದನ್ನೇ ಉಳಿದವರು ಒಪ್ಪಿಸುತ್ತಾರೆ. ಒಬ್ಬರ ಧ್ವನಿಯನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಫಾರ್ವರ್ಡ್ ಮಾಡಕೂಡದು; ಒಂದು ಸಲ ನಗೆಪಾಟಲಾದ ಮಗು ಮತ್ತೆ ಮಾತಾಡುವುದಿಲ್ಲ.

ದೊಡ್ಡ ತೊಡಕು, ಬರೆದಿಟ್ಟು ಓದುವುದು. ಕೇಳಿದರೆ ತಿಳಿಯುತ್ತದೆ: ಅರ್ಥ ಮುಗಿದಲ್ಲಿ ನಿಲ್ಲದೆ ನೋಟ್‌ಬುಕ್ಕಿನ ಸಾಲು ಮುಗಿದಲ್ಲಿ ನಿಲ್ಲುತ್ತಾರೆ. ಐದೇ ಪದ ಬರೆದ ಚೀಟಿಯ ಫೋಟೊ ಮೊದಲು ಕಳಿಸಲಿ, ಅದನ್ನು ನೋಡಿಕೊಂಡೇ ಮಾತಾಡಲಿ. ಅದೇ ಉತ್ತರ 90, 60, 45 ಸೆಕೆಂಡಿನಲ್ಲಿ ಮೂರು ಸಲ. ಒಂದೇ ಮಾತನ್ನು 4, 3, 2 ನಿಮಿಷದಲ್ಲಿ ಮೂರು ಸಲ ಹೇಳಿಸುವ, ಇಂಗ್ಲಿಷ್ ಕಲಿಸುವವರಿಗೆ ಗೊತ್ತಿರುವ 4-3-2 ಅಭ್ಯಾಸವನ್ನೇ ಚಿಕ್ಕದು ಮಾಡಿದ್ದು. ಮೂರನೆಯ ಸಲಕ್ಕೆ ತಡವರಿಕೆ ಇಳಿಯುವುದು ಅವರಿಗೇ ಕೇಳಿಸುತ್ತದೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ತಪ್ಪು, 10 ಸೆಕೆಂಡಿನ ಮರು ವಾಯ್ಸ್ ಮೆಸೇಜಿನಲ್ಲಿ. ತಪ್ಪಿನ ಬೇರು ಎಷ್ಟೋ ಸಲ ಕನ್ನಡದಲ್ಲೇ ಇರುತ್ತದೆ, ಅದನ್ನು ತೋರಿಸಿದರೆ ಬೇಗ ಹತ್ತುತ್ತದೆ. ‘2024ರಲ್ಲಿ ಡಿಗ್ರಿ ಮುಗಿಸಿದ್ದೇನೆ’ ಎಂಬುದು ನಮ್ಮಲ್ಲಿ ಸರಿ; ‘ಐ ಹ್ಯಾವ್ ಕಂಪ್ಲೀಟೆಡ್ ಇನ್ 2024’ ಅಲ್ಲಿ ತಪ್ಪು, ಇಸವಿ ಬಂದರೆ ‘ಐ ಕಂಪ್ಲೀಟೆಡ್’ ಸಾಕು. ‘ನಮ್ಮಪ್ಪ ರೈತರು’ ಎಂಬಲ್ಲಿ ಕ್ರಿಯಾಪದವೇ ಬೇಡ, ಹಾಗಾಗಿ ‘ಮೈ ಫಾದರ್ ಫಾರ್ಮರ್’ ಹುಟ್ಟುತ್ತದೆ, ‘ಈಸ್ ಎ’ ಬಿದ್ದುಹೋಗುತ್ತದೆ. ಹೆಸರು ಹೇಳುವಾಗ ‘ಐ ಆಮ್’ ಬದಲು ‘ಮೈಸೆಲ್ಫ್’ ಎಂದು ಶುರುಮಾಡುವುದನ್ನು ಮೊದಲ ವಾರವೇ ಬಿಡಿಸಿ. ಉಚ್ಚಾರಣೆಯಲ್ಲಿ ‘ಯೆಕ್ಸಾಮ್’, ‘ವೊನ್ಲಿ’ ಎಂದು ಮುಂದೆ ಸೇರುವ ಯಕಾರ, ವಕಾರ ಸಾಮಾನ್ಯ. ಅರ್ಥ ಕೆಡದಿದ್ದರೆ ಅವನ್ನು ಕೊನೆಗೆ ನೋಡಿದರಾಯಿತು.

ಅಳಿಸಿ ಅಳಿಸಿ ಹತ್ತು ಸಲ ರೆಕಾರ್ಡ್ ಮಾಡುವವರಿಗೆ ಮಿತಿ ಬೇಕು: ಎರಡೇ ಪ್ರಯತ್ನ, ಎರಡನ್ನೂ ಕಳಿಸಬೇಕು. ಮೈಕ್ ಗುರುತನ್ನು ಮೇಲಕ್ಕೆ ಸರಿಸಿದರೆ ರೆಕಾರ್ಡಿಂಗ್ ಲಾಕ್ ಆಗಿ ಬೆರಳು ಒತ್ತಿ ಹಿಡಿಯುವ ಕಷ್ಟ ತಪ್ಪುತ್ತದೆ.

ಎದುರಿನವರು ಮಧ್ಯೆ ಕೇಳುವ ಪ್ರಶ್ನೆಗೆ ತಟ್ಟನೆ ಉತ್ತರಿಸುವುದನ್ನು ಇದು ಕಲಿಸದು. ಅದಕ್ಕೆ ಕ್ಲಾಸಿನಲ್ಲೇ ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ, ಫೋನ್ ಕರೆಯಂತೆ ಐದು ನಿಮಿಷ ಮಾತಾಡಿಸುವುದೇ ದಾರಿ. ಮುಖ ಕಾಣದಿದ್ದಾಗ ‘ಕುಡ್ ಯೂ ರಿಪೀಟ್ ದಟ್, ಪ್ಲೀಸ್?’ ತಾನಾಗಿ ಬಾಯಿಗೆ ಬರುತ್ತದೆ.